ನಿಜದ ಹಾಗೆ ಕಾಣುವ ಶೇಡರ್ ಯಾವುದು ಹಾಕಲಿ? ಮೈನ್‌ಕ್ರಾಫ್ಟ್‌ನಲ್ಲಿ ಐನ್‌ಮನೆ ಕಟ್ಟುತ್ತಿದ್ದೇನೆ

ಪಾಪುಟ್ಟು, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನಲ್ಲಿ ಒಂದು ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲ ಮನೆ, ಕಟ್ಟುತ್ತಿದ್ದೇನೆ. ಮನೆ ಮುಗಿದಿದೆ. ಸುತ್ತ ಕಾಫಿ ತೋಟ, ಕೆಳಗೆ ಗದ್ದೆ. ಗದ್ದೆಯಿಂದ ಮನೆಗೆ ಹತ್ತುವ ಓಣಿ ಅರ್ಧ ಆಗಿದೆ. ಮಾಡಿಗೆ ಇಟ್ಟಿಗೆ ಮೆಟ್ಟಿಲು ಜೋಡಿಸಿ ಹೆಂಚಿನ ಥರ ಮಾಡಿದ್ದೇನೆ, ಕಂಬಗಳಿಗೆ ಡಾರ್ಕ್ ಓಕ್. ಶೇಡರ್ (ಆಟದ ಬೆಳಕು, ನೆರಳು, ನೀರನ್ನು ಬದಲಾಯಿಸುವ ಪ್ಯಾಕ್) ಇಲ್ಲದೆ ನೋಡಿದರೆ ಎಲ್ಲಾ ಸಪ್ಪೆ ಸಪ್ಪೆ.

ವಿಡಿಯೋಗಳನ್ನು ನೋಡಿದರೆ ಪ್ರತಿಯೊಂದರಲ್ಲೂ ಸಮುದ್ರದ ಮೇಲೆ ಸೂರ್ಯ ಮುಳುಗುವುದೇ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹಾಗಾದರೆ ಆರಿಸುವುದು ಹೇಗೆ? ಬಿಎಸ್‌ಎಲ್, ಕಾಂಪ್ಲಿಮೆಂಟರಿ, ಸೀಯಸ್, ಬ್ಲಿಸ್, ಫೋಟಾನ್ ಅಂತ ಶೇಡರ್‌ಗಳ ಹೆಸರು ಕೇಳಿ ಕೇಳಿ ತಲೆ ಕೆಟ್ಟಿದೆ. ನನ್ನದು ಜಿಟಿಎಕ್ಸ್ 1650 ಇರುವ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಮೆಮೊರಿ 4 ಜಿಬಿ, ರ್‍ಯಾಮ್ 8 ಜಿಬಿ. ಆಟ 1.21. ಈಗ ಬಿಎಸ್‌ಎಲ್ ಹಾಕಿ ನೋಡಿದೆ, ಫ್ಯಾನ್ ಕೂಗುತ್ತದೆ, ಆಟ ತೆವಳುತ್ತದೆ.

ಕರಿಮೆಣಸು, ಸಿದ್ದಾಪುರ

ಕಾಂಪ್ಲಿಮೆಂಟರಿ ಹಾಕು ಮಾರಾಯ, ಮುಗೀತು. ಇದಕ್ಕೆಲ್ಲ ಚರ್ಚೆ ಯಾಕೆ?

ಹಾರಂಗಿ ಹಿನ್ನೀರು, ಸೋಮವಾರಪೇಟೆ

ತಮ್ಮಾ, ಶೇಡರ್ ಆರಿಸುವ ಮೊದಲು ಒಂದು ಕೆಲಸ ಮಾಡು. ಆಟದೊಳಗೆ ಎಫ್3 ಒತ್ತು. ಬಲಗಡೆ ನಿನ್ನ ಗ್ರಾಫಿಕ್ಸ್ ಕಾರ್ಡ್‌ನ ಹೆಸರು ಬರುತ್ತದೆ. ಅಲ್ಲಿ ಇಂಟೆಲ್ ಅಂತ ಇದ್ದರೆ ನಿನ್ನ 1650 ಸುಮ್ನೆ ಕೂತಿದೆ ಅಂತ ಅರ್ಥ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ. ವಿಂಡೋಸ್‌ನ ಕಣ್ಣಿಗೆ ಇದು ಆಟವೇ ಅಲ್ಲ, ಯಾವುದೋ ಜಾವಾ ಪ್ರೋಗ್ರಾಂ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಆಟ ಬಳಸುವ ಜಾವಾ ಫೈಲನ್ನು ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸು. ಲಾಂಚರನ್ನಲ್ಲ, ಜಾವಾವನ್ನು.

ಆಮೇಲೆ ಐರಿಸ್ ಅನ್ನುವ ಮಾಡ್, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಪ್ರೋಗ್ರಾಂ. ಅದರ ಇನ್‌ಸ್ಟಾಲರ್ ಓಡಿಸಿದರೆ ಸೋಡಿಯಂ ಜೊತೆಗೇ ಬರುತ್ತದೆ. ಸೋಡಿಯಂ ಆಟವನ್ನು ಹಗುರ ಮಾಡುತ್ತದೆ, ಐರಿಸ್ ಶೇಡರ್ ಓಡಿಸುತ್ತದೆ. ಇದೇ ಕೆಲಸ ಮಾಡುವ ಆಪ್ಟಿಫೈನ್ ಕೂಡ ಕೆಟ್ಟದ್ದೇನಲ್ಲ, ಅದರಲ್ಲಿ ರೆಂಡರ್ ಕ್ವಾಲಿಟಿ ಇಳಿಸುವ ಸೌಲಭ್ಯ ಇದೆ. ಆದರೆ ಬೇರೆ ಮಾಡ್‌ಗಳ ಜೊತೆ ಅದಕ್ಕೆ ಅಷ್ಟಕ್ಕಷ್ಟೆ. ಶೇಡರ್ ಪ್ಯಾಕ್ ಜಿಪ್ ಆಗಿ ಬರುತ್ತದೆ, ಬಿಚ್ಚಬೇಡ, ಹಾಗೇ ಶೇಡರ್‌ಪ್ಯಾಕ್ಸ್ ಫೋಲ್ಡರಿಗೆ ಹಾಕು.

ಇನ್ನೊಂದು ವಿಷಯ. ಆಟಕ್ಕೆ ರ್‍ಯಾಮ್ ಜಾಸ್ತಿ ಕೊಟ್ಟರೆ ಶೇಡರ್ ಚೆನ್ನಾಗಿ ಓಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಶೇಡರ್ ಕೆಲಸ ಗ್ರಾಫಿಕ್ಸ್ ಕಾರ್ಡಿನದು. 8 ಜಿಬಿಯಲ್ಲಿ 4 ಕೊಟ್ಟರೆ ಧಾರಾಳ, ಅದಕ್ಕಿಂತ ಜಾಸ್ತಿ ಕೊಟ್ಟರೆ ವಿಂಡೋಸ್ ಉಸಿರುಗಟ್ಟುತ್ತದೆ.

ಪಾಪುಟ್ಟು, ನಾಪೋಕ್ಲು

ಅಣ್ಣಾ, ಎಫ್3 ಒತ್ತಿದೆ. ಇಂಟೆಲ್ ಯುಎಚ್‌ಡಿ! ಇಷ್ಟು ದಿನ ಇದರಲ್ಲೇ ಆಡಿದ್ದೇನೆ ಅಂತಾಯ್ತು. ಬದಲಾಯಿಸಿದೆ, ಐರಿಸ್ ಹಾಕಿದೆ, ಈಗ ಅದೇ ಬಿಎಸ್‌ಎಲ್ ನೀರು ಕುಡಿದ ಹಾಗೆ ಓಡುತ್ತಿದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಯಾವುದು ನಿಜದ ಹಾಗೆ ಕಾಣುತ್ತದೆ?

ಮಾಂದಲಪಟ್ಟಿ ಜೀಪು, ಮಡಿಕೇರಿ

ಎಲ್ಲಿಯ ನಿಜ ಅಂತ ಮೊದಲು ಹೇಳು. ನೀನೇ ಬರೆದಿದ್ದೀಯಲ್ಲ, ವಿಡಿಯೋದಲ್ಲಿ ಬರೀ ಸಮುದ್ರ, ಸಂಜೆ ಸೂರ್ಯ ಅಂತ. ಆ ಬೆಳಕಿನಲ್ಲಿ ಯಾವ ಶೇಡರ್ ಕೂಡ ಕೆಟ್ಟದಾಗಿ ಕಾಣುವುದಿಲ್ಲ. ಎಲ್ಲಾ ಪ್ಯಾಕ್ ಮಾಡುವವರೂ ತಮ್ಮ ಶ್ರಮ ಹಾಕುವುದು ಅಲ್ಲೇ. ನೀನು ಕಟ್ಟಿರುವುದು ನಾಪೋಕ್ಲು ಕಡೆಯ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಸೂರ್ಯ ಮುಖ ತೋರಿಸುವುದೇ ಅಪರೂಪ. ಉಳಿದ ತಿಂಗಳಲ್ಲೂ ತೋಟದ ಒಳಗೆ ಬಿಸಿಲು ಬರುವುದು ಸಿಲ್ವರ್ ಓಕ್, ಹಲಸಿನ ಎಲೆ ಸಂದಿಯಿಂದ ಸೋಸಿಕೊಂಡು. ಹಾಗಾಗಿ ನಾನು ಪ್ಯಾಕ್ ಪರೀಕ್ಷೆ ಮಾಡುವುದು ಬೇರೆ ಥರ.

ಮೊದಲು ಮಳೆ. ಚಾಟ್‌ನಲ್ಲಿ ಕಮಾಂಡ್ ಕೊಟ್ಟು ಮಳೆ ತರಿಸಿ, ಹೊತ್ತನ್ನು ಮಧ್ಯಾಹ್ನಕ್ಕೆ ಇಟ್ಟು ಜಗಲಿಯಲ್ಲಿ ನಿಲ್ಲು. ಹೆಚ್ಚಿನ ಪ್ಯಾಕ್‌ಗಳ ಬಣ್ಣ ಬಯಲಾಗುವುದು ಇಲ್ಲೇ. ಕೆಲವು ಇಡೀ ಪರದೆಯ ಮೇಲೆ ಬೂದಿ ಎರಚಿದ ಹಾಗೆ ಮಾಡುತ್ತವೆ, ಹಸಿರೆಲ್ಲ ಸತ್ತು ಹೋಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಆಕಾಶ ಬೂದು, ಆದರೆ ಹಸಿರು ಇನ್ನೂ ಗಾಢವಾಗುತ್ತದೆ, ಅಲ್ವಾ? ಕಾಫಿ ಎಲೆ ಒದ್ದೆಯಾದಾಗ ಕರೀ ಹಸಿರು, ಮೇಲೆ ಆಕಾಶದ ಬಿಳಿ ಹೊಳಪು. ಅದು ಬರಬೇಕು. ಕಾಂಪ್ಲಿಮೆಂಟರಿಯಲ್ಲಿ ನೆಲದಲ್ಲಿ ನೀರು ನಿಂತ ಹಾಗೆ ತೋರಿಸುವ ರೇನ್ ಪಡಲ್ಸ್ ಅಂತ ಒಂದು ಆಯ್ಕೆ ಇದೆ. ಹಾಕಿ ನೋಡು. ಅಂಗಳಕ್ಕೆ ಜೀವ ಬರುತ್ತದೆ.

ಎರಡನೆಯದು ಮಂಜು. ಬ್ಲಿಸ್ ಮತ್ತು ಫೋಟಾನ್ ಎರಡರಲ್ಲೂ ಒಂದೊಂದು ದಿನಕ್ಕೆ ಒಂದೊಂದು ಥರ ಮೋಡ, ಮಂಜು ಬರುವ ವ್ಯವಸ್ಥೆ ಇದೆ. ಇಂದು ಬೆಳಗ್ಗೆ ಸ್ವಚ್ಛ, ನಾಳೆ ಬೆಳಗ್ಗೆ ಗದ್ದೆ ಪೂರ್ತಿ ಮುಚ್ಚಿರುತ್ತದೆ. ಕೊಡಗಿನವರಿಗೆ ಇದಕ್ಕಿಂತ ನಿಜ ಇನ್ನೇನು ಬೇಕು.

ಮೂರನೆಯದು ಮನೆಯ ಒಳಗೆ. ನೆಲ್ಲಕ್ಕಿ ನಡುಬಾಡೆಯಲ್ಲಿ (ತೂಗುದೀಪ ಇರುವ ನಡುಮನೆ) ನಿಂತು ಬಾಗಿಲ ಕಡೆ ನೋಡು. ಹೊರಗೆ ಬೆಳ್ಳಗೆ, ಒಳಗೆ ಕತ್ತಲು ಇರಬೇಕು. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡ ಹಾಗೆ ಒಳಗಿನದು ಕಾಣಬೇಕು. ಆಟೋ ಎಕ್ಸ್‌ಪೋಷರ್ ಇರುವ ಫೋಟಾನ್, ಬ್ಲಿಸ್‌ನಂಥವು ಇದನ್ನು ಚೆನ್ನಾಗಿ ಮಾಡುತ್ತವೆ. ಮೂಲೆಗಳಲ್ಲಿ ಗೋಡೆ ಸೇರುವ ಕಡೆ ಬಿಸಿಲ ಗೆರೆ ಸೋರುತ್ತಿದೆಯಾ ಅಂತಲೂ ನೋಡು. ನೆರಳಿನ ರೆಸಲ್ಯೂಷನ್ ಕಡಿಮೆ ಇದ್ದರೆ ಹಾಗಾಗುತ್ತದೆ.

ಈ ಮೂರರಲ್ಲಿ ಪಾಸಾದ ಪ್ಯಾಕ್ ಸಂಜೆ ಬಿಸಿಲಿನಲ್ಲಿ ಹೇಗೂ ಪಾಸಾಗುತ್ತದೆ. ಉಲ್ಟಾ ಆಗುವುದಿಲ್ಲ.

ಕುಶಾಲನಗರ ಬಿಸಿಲು

ನಮ್ಮೂರಲ್ಲಿ ಅಷ್ಟೆಲ್ಲಾ ಮಂಜು ಇಲ್ಲ, ನಾನು ಸಮುದ್ರದ ವಿಡಿಯೋ ನೋಡಿಯೇ ಆರಿಸುತ್ತೇನೆ, ಬಿಡಿ.

ತಮಾಷೆ ಪಕ್ಕಕ್ಕಿರಲಿ. ಚೌಕ ಚೌಕ ಬ್ಲಾಕ್‌ನ ಆಟಕ್ಕೆ ರಿಯಲಿಸಂ ಯಾಕೆ ಅಂತ ನನ್ನ ಪ್ರಶ್ನೆ. ಬೆಳಕು ಮಾತ್ರ ನಿಜದ ಹಾಗಿದ್ದು ಮರ ಡಬ್ಬದ ಹಾಗಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಕಾಂಪ್ಲಿಮೆಂಟರಿ ರೀಇಮ್ಯಾಜಿನ್ಡ್ ಆಟದ ಸ್ವಭಾವ ಬಿಟ್ಟುಕೊಡದೆ ಬೆಳಕನ್ನು ಮಾತ್ರ ತಿದ್ದುತ್ತದೆ. ಮೋಡ ಕೂಡ ಬ್ಲಾಕ್ ಬ್ಲಾಕ್ ಆಗಿಯೇ ಇರುತ್ತದೆ. ನೋಡುವುದಕ್ಕೆ ಹಿತ.

ಮಾಂದಲಪಟ್ಟಿ ಜೀಪು, ಮಡಿಕೇರಿ

ಅವನು ಕೇಳಿದ್ದು ನಿಜದ ಹಾಗೆ ಕಾಣುವುದು. ಅದಕ್ಕೆ ಉತ್ತರ ಕೊಡೋಣ. ಇನ್ನು ನೀವು ಹೇಳಿದ ರೀಇಮ್ಯಾಜಿನ್ಡ್, ಮತ್ತು ಕಾಂಪ್ಲಿಮೆಂಟರಿಯದೇ ಇನ್ನೊಂದು ರೂಪ ಅನ್‌ಬೌಂಡ್, ಎರಡೂ ಒಬ್ಬರೇ ಮಾಡಿದ್ದು. ಒಂದರ ಸೆಟ್ಟಿಂಗ್ಸ್ ಒಳಗೇ ಇನ್ನೊಂದರ ಶೈಲಿಗೆ ಬದಲಾಯಿಸಬಹುದು. ಹಾಗಾಗಿ ಜಗಳವೇ ಇಲ್ಲ, ಒಂದೇ ಡೌನ್‌ಲೋಡ್‌ನಲ್ಲಿ ಇಬ್ಬರಿಗೂ ಊಟ ಆಗುತ್ತದೆ.

ಆದರೆ ಚುಚ್ಚುತ್ತದೆ ಅನ್ನುವ ಮಾತು ಒಪ್ಪುತ್ತೇನೆ. ಮೈಮೇಲೆ ಬರುವಷ್ಟು ಲೆನ್ಸ್ ಫ್ಲೇರ್, ಕನ್ನಡಿಯ ಹಾಗೆ ಹೊಳೆಯುವ ಕಲ್ಲು, ಇವೆಲ್ಲ ಮೊದಲ ದಿನ ಚೆಂದ. ಆಮೇಲೆ ಬೇಜಾರು. ನಾನಂತೂ ಯಾವ ಪ್ಯಾಕ್ ಹಾಕಿದರೂ ಬ್ಲೂಮ್ (ಬೆಳಕಿನ ಸುತ್ತ ಹರಡುವ ಪ್ರಭೆ) ಅರ್ಧ ಇಳಿಸಿ, ಮೋಷನ್ ಬ್ಲರ್ ಪೂರ್ತಿ ತೆಗೆದು ಹಾಕುತ್ತೇನೆ.

ಬೆಟ್ಟದ ಬಿಲ್ಡರ್, ವಿರಾಜಪೇಟೆ

ನಿಜದ ಬೆಳಕು ಅಂದರೆ ಪಾತ್ ಟ್ರೇಸಿಂಗ್ (ಬೆಳಕಿನ ಕಿರಣದ ದಾರಿಯನ್ನೇ ಲೆಕ್ಕ ಹಾಕುವುದು) ಮಾತ್ರ. ಉಳಿದದ್ದೆಲ್ಲ ಕಣ್ಕಟ್ಟು. ಸೀಯಸ್ ಪಿಟಿಜಿಐ ನೋಡಿ. ಕೆಂಪು ಗೋಡೆಗೆ ಬಿದ್ದ ಬಿಸಿಲು ಎದುರಿನ ಬಿಳಿ ಗೋಡೆಗೆ ಕೆಂಪು ಛಾಯೆ ಕೊಡುತ್ತದೆ. ಅದಕ್ಕೆ ಆರ್‌ಟಿಎಕ್ಸ್ ಕಾರ್ಡೇ ಬೇಕು ಅಂತಲೂ ಇಲ್ಲ, ಲೆಕ್ಕವನ್ನೆಲ್ಲ ಮಾಮೂಲಿ ಶೇಡರ್ ಕೋಡ್‌ನಲ್ಲೇ ಮಾಡುತ್ತದೆ.

ಹಾರಂಗಿ ಹಿನ್ನೀರು, ಸೋಮವಾರಪೇಟೆ

ಆರ್‌ಟಿಎಕ್ಸ್ ಬೇಡ ಅನ್ನುವುದು ನಿಜ, ಆದರೆ ಅಷ್ಟೇ ಗಟ್ಟಿಯಾದ ಕಾರ್ಡ್ ಬೇಕು. ಅವನದು 4 ಜಿಬಿಯ 1650. ಫೋಟೋ ತೆಗೆಯಲು ಆದೀತು, ಆಡಲು ಆಗದು. ಬಣ್ಣದ ಬೆಳಕೇ ಬೇಕಿದ್ದರೆ ರೀಥಿಂಕಿಂಗ್ ವಾಕ್ಸೆಲ್ಸ್ ಇದೆ, ಕಾಂಪ್ಲಿಮೆಂಟರಿ ಮೇಲೆ ಕಟ್ಟಿದ್ದು. ಅದೂ ಭಾರವೇ. ಕಾಂಪ್ಲಿಮೆಂಟರಿಯ ಒಳಗೇ ಬಣ್ಣದ ಬೆಳಕಿನ ಆಯ್ಕೆ ಒಂದಿದೆ, ಮೊದಲು ಅದನ್ನು ಹಾಕಿ ನೋಡಲಿ.

ಅಂದ ಹಾಗೆ, ಮ್ಯಾಕ್ ಇರುವವರು ಯಾರಾದರೂ ಓದುತ್ತಿದ್ದರೆ: ಆಟ ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್ ಅನ್ನು ಆಪಲ್ 4.1ಕ್ಕೇ ನಿಲ್ಲಿಸಿದೆ. ಕೆಲವು ಪ್ಯಾಕ್ ಬಳಸುವ ಕಂಪ್ಯೂಟ್ ಶೇಡರ್ ಅನ್ನುವ ಸೌಲಭ್ಯಕ್ಕೆ 4.3 ಬೇಕು. ಹಾಗಾಗಿ ಅಂಥವು ನಿಮ್ಮಲ್ಲಿ ತೆರೆಯುವುದೇ ಇಲ್ಲ. ಪ್ಯಾಕ್‌ನ ಪುಟದಲ್ಲಿ ಬರೆದಿರುತ್ತಾರೆ, ಓದಿ ಇಳಿಸಿಕೊಳ್ಳಿ.

ಕೂರ್ಗ್ ಕಿತ್ತಳೆ, ಪೊನ್ನಂಪೇಟೆ

ನನ್ನ ಹತ್ತಿರ ಫೋನ್ ಮಾತ್ರ ಇದೆ. ಅದರಲ್ಲಿ ಇವು ಬರುತ್ತವಾ? ಯಾವುದೋ ಸೈಟ್‌ನಲ್ಲಿ ಶೇಡರ್ ಹಾಕಿರುವ ಎಪಿಕೆ ಅಂತ ಇದೆ.

ಹಾರಂಗಿ ಹಿನ್ನೀರು, ಸೋಮವಾರಪೇಟೆ

ಆ ಎಪಿಕೆ ಮುಟ್ಟಬೇಡ. ಫೋನಿನಲ್ಲಿರುವುದು ಬೆಡ್‌ರಾಕ್ ಎಡಿಷನ್, ಜಾವಾ ಶೇಡರ್ ಅದರಲ್ಲಿ ಓಡುವುದಿಲ್ಲ. ಆದರೆ 2025ರ ಜೂನ್‌ನಿಂದ ಬೆಡ್‌ರಾಕ್‌ಗೆ ವೈಬ್ರಂಟ್ ವಿಷುಯಲ್ಸ್ ಬಂದಿದೆ, ಕಂಪನಿಯವರದ್ದೇ. ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಮೋಡ್ ಅಂತ ಇರುತ್ತದೆ ನೋಡು. ಫೋನ್ ತಾಕತ್ತಿನದಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನೆರಳು, ನೀರಿನ ಹೊಳಪು, ಬಿಸಿಲ ಕೋಲು ಎಲ್ಲಾ ಇದೆ, ದುಡ್ಡೂ ಇಲ್ಲ. ಜಾವಾಗೂ ತರುತ್ತೇವೆ ಅಂದಿದ್ದಾರೆ.

ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಜಾವಾ ಶೇಡರ್ ಅಂದರೆ ಒಂದು ಸಣ್ಣ ಜಿಪ್. ಐರಿಸ್‌ನ ಇನ್‌ಸ್ಟಾಲರ್ ಬೇರೆ, ಆದರೆ ಇಳಿಸಿದ ಶೇಡರ್ ಪ್ಯಾಕೇ ಇನ್‌ಸ್ಟಾಲರ್ ರೂಪದಲ್ಲಿ ಬಂದರೆ ಅಲ್ಲೇ ಅಳಿಸಿ. ಮಾಡ್ರಿಂತ್, ಕರ್ಸ್‌ಫೋರ್ಜ್ ಸೈಟ್‌ಗಳು, ಇಲ್ಲವೇ ಮಾಡಿದವರ ಸ್ವಂತ ಪುಟ, ಅಷ್ಟೇ ಸಾಕು.

ಪಾಪುಟ್ಟು, ನಾಪೋಕ್ಲು

ಜೀಪು ಅಕ್ಕಾ, ನೀವು ಹೇಳಿದ ಮೂರೂ ಪರೀಕ್ಷೆ ಮಾಡಿದೆ. ಬಿಎಸ್‌ಎಲ್ ಬಿಸಿಲಿನಲ್ಲಿ ಎಷ್ಟು ಚೆಂದವೋ ಮಳೆಯಲ್ಲಿ ನನಗೆ ಅಷ್ಟು ಹಿಡಿಸಲಿಲ್ಲ. ಅನ್‌ಬೌಂಡ್ ಮಳೆಯಲ್ಲಿ ಚೆನ್ನಾಗಿದೆ. ಪಡಲ್ಸ್ ಹಾಕಿದ ಮೇಲೆ ಅಂಗಳದಲ್ಲಿ ಕಂಬದ ಪ್ರತಿಬಿಂಬ ಉದ್ದಕ್ಕೆ ಕಲಕಿಕೊಂಡು ಕಾಣುತ್ತದೆ. ಫೋಟಾನ್‌ನಲ್ಲಿ ಬೆಳಗಿನ ಮಂಜು ನೋಡಿ ಅಮ್ಮನನ್ನು ಕರೆದು ತೋರಿಸಿದೆ. "ಇದು ಕಕ್ಕಬ್ಬೆ ಕಡೆ ಅಲ್ವಾ" ಅಂದರು! ಆದರೆ ಅದು ನನ್ನ ಲ್ಯಾಪ್‌ಟಾಪಿಗೆ ಸ್ವಲ್ಪ ಭಾರ.

ಎರಡು ತೊಂದರೆ ಉಳಿದಿದೆ. ಒಂದು, ನಡುಬಾಡೆಯ ತೂಗುದೀಪಕ್ಕೆ ಲ್ಯಾಂಟರ್ನ್ ಹಾಕಿದ್ದೇನೆ, ಟ್ಯೂಬ್‌ಲೈಟ್ ಹಾಕಿದ ಹಾಗೆ ಬೆಳಗುತ್ತದೆ. ಎರಡು, ಬಿಸಿಲಿದ್ದಾಗ ಏನೋ ನಮ್ಮೂರಿನ ಥರ ಇಲ್ಲ. ಏನು ಅಂತ ಹೇಳಲು ಬರುತ್ತಿಲ್ಲ. ನೆರಳು ಎಲ್ಲಾ ಉದ್ದ ಉದ್ದ.

ಫಿಸಿಕ್ಸ್ ಮೇಷ್ಟ್ರು, ಮಡಿಕೇರಿ

ಎರಡನೆಯದಕ್ಕೆ ನಾನು ಹೇಳುತ್ತೇನೆ. ಮೂಲ ಆಟದಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿ ನೆತ್ತಿಯ ಮೇಲೆ ಹಾದು ಪಶ್ಚಿಮಕ್ಕೆ ಹೋಗುತ್ತಾನೆ. ಶೇಡರ್ ಪ್ಯಾಕ್‌ಗಳು ಈ ದಾರಿಯನ್ನು ಒಂದು ಪಕ್ಕಕ್ಕೆ ವಾಲಿಸುತ್ತವೆ, ನೆರಳು ಚೆನ್ನಾಗಿ ಕಾಣಲಿ ಅಂತ. ಕೆಲವದರಲ್ಲಿ 40 ಡಿಗ್ರಿಯಷ್ಟು. ಅದು ಯುರೋಪಿನವರ ಆಕಾಶ. ನಾವಿರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆಗಸ್ಟ್‌ನಲ್ಲಿ ನಾವು ನೋಡುವುದಿಲ್ಲ, ಅದು ಬೇರೆ ಮಾತು.

ಶೇಡರ್ ಆಯ್ಕೆಗಳಲ್ಲಿ ಸೂರ್ಯನ ದಾರಿಯ ಕೋನ ಬದಲಾಯಿಸುವ ಜಾಗ ಹುಡುಕಿ. ಅದನ್ನು 10ರ ಆಸುಪಾಸಿಗೆ ತನ್ನಿ. ಮಧ್ಯಾಹ್ನ ನೆರಳು ಮರದ ಬುಡಕ್ಕೆ ಸೇರುತ್ತದೆ, ಮಾಡಿನ ಅಂಚಿನ ನೆರಳು ಜಗಲಿಯ ಮೇಲೆ ನೇರ ಬೀಳುತ್ತದೆ. ನಮ್ಮ ಮನೆಗಳ ಮಾಡು ಅಷ್ಟು ಮುಂದೆ ಚಾಚಿರುವುದು ಮಳೆಗೂ ಹೌದು, ಬಿಸಿಲಿಗೂ ಹೌದು. ಆ ಲೆಕ್ಕ ಆಟದಲ್ಲೂ ಕಾಣುತ್ತದೆ.

ಪಾಪುಟ್ಟು, ನಾಪೋಕ್ಲು

ಸರ್! ಇದೇ, ಇದೇ. ಈಗ ಮಾರ್ಚ್ ತಿಂಗಳ ಹನ್ನೆರಡು ಗಂಟೆ ಬಿಸಿಲಿನ ಹಾಗಿದೆ. ಇದೊಂದು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ.

ಕರಿಮೆಣಸು, ಸಿದ್ದಾಪುರ

ನಾನು ಒಂದೇ ಸಾಲಲ್ಲಿ ಮುಗಿಸಿದ್ದೆ, ಆದರೆ ಚರ್ಚೆ ಚೆನ್ನಾಗಿದೆ ಅಂತ ವಾಪಸ್ ಬಂದೆ.

ತೂಗುದೀಪಕ್ಕೆ ಲ್ಯಾಂಟರ್ನ್ ತೆಗೆದು ಹಾಕು. ಅದರ ಬೆಳಕು 15, ಆಟದಲ್ಲೇ ಅತಿ ಹೆಚ್ಚು. ಕ್ಯಾಂಡಲ್ ಒಂದಕ್ಕೆ 3, ನಾಲ್ಕು ಒಟ್ಟಿಗೆ ಇಟ್ಟರೆ 12. ದೀಪಕ್ಕೆ ಎರಡು ಸಾಕು, ಅಂದರೆ 6. ಕ್ಯಾಂಡಲನ್ನು ತೂಗುಹಾಕಲು ಆಗುವುದಿಲ್ಲ. ಚೈನ್ ಇಳಿಬಿಟ್ಟು ಪಕ್ಕದಲ್ಲಿ ಮೇಲ್ಭಾಗದ ಸ್ಲ್ಯಾಬ್ ಒಂದನ್ನು ಸಿಕ್ಕಿಸಿ ಅದರ ಮೇಲಿಡು. ದೂರದಿಂದ ತೂಗಿದ ಹಾಗೇ ಕಾಣುತ್ತದೆ. ಶೇಡರ್ ಇದ್ದಾಗ ಬೆಳಕು ಕಡಿಮೆ ಇಟ್ಟಷ್ಟೂ ಲಾಭ. ಎಲ್ಲಾ ಕಡೆ ಟಾರ್ಚ್ ಚುಚ್ಚಿದ ಮನೆಯಲ್ಲಿ ಎಂಥ ಪ್ಯಾಕ್ ಹಾಕಿದರೂ ಮದುವೆ ಮಂಟಪವೇ.

ಇನ್ನು ಹಸಿರಿನ ಬಗ್ಗೆ. ಹುಲ್ಲಿನ ಬಣ್ಣ ಶೇಡರ್‌ನಿಂದ ಬರುವುದಲ್ಲ, ಬಯೋಮ್‌ನಿಂದ, ಅಂದರೆ ಆ ಜಾಗ ಕಾಡೋ ಬಯಲೋ ಅನ್ನುವುದರಿಂದ. ನೀನು ಪ್ಲೇನ್ಸ್ ಬಯೋಮ್‌ನಲ್ಲಿ ಕಟ್ಟಿದ್ದರೆ ಹಸಿರು ಒಣಗಿದ ಹಾಗಿರುತ್ತದೆ. 1.19.3ರಿಂದ ಬಯೋಮ್ ಬದಲಾಯಿಸುವ ಫಿಲ್‌ಬಯೋಮ್ ಕಮಾಂಡ್ ಇದೆ. ತೋಟದ ಭಾಗವನ್ನು ಡಾರ್ಕ್ ಫಾರೆಸ್ಟ್ ಮಾಡು, ಗದ್ದೆಯನ್ನು ಜಂಗಲ್ ಮಾಡು. ನಾಟಿ ಮಾಡಿದ ಗದ್ದೆಯ ಎಳೆ ಹಸಿರು ಜಂಗಲ್‌ನಲ್ಲಿ ಸಿಗುತ್ತದೆ. ಎರಡರಲ್ಲೂ ಮಳೆ ಬರುತ್ತದೆ. ಸವಾನಾ ಮಾಡಿಬಿಟ್ಟೀಯ, ಅಲ್ಲಿ ಮಳೆಯೇ ಇಲ್ಲ.

ಕುಶಾಲನಗರ ಬಿಸಿಲು

ಸವಾನಾ ಅಂದರೆ ನಮ್ಮೂರಾ?

ಬೆಟ್ಟದ ಬಿಲ್ಡರ್, ವಿರಾಜಪೇಟೆ

ಮನೆಯಿಂದ ಬೆಟ್ಟದ ಸಾಲು ಕಾಣಬೇಕು ಅಂತಿದ್ದರೆ ಡಿಸ್ಟಂಟ್ ಹೊರೈಜನ್ಸ್ ಮಾಡ್ ಹಾಕು. ಮಾಮೂಲಿಯಾಗಿ ನೋಟದ ದೂರ 12 ಚಂಕ್ (ಒಂದು ಚಂಕ್ ಅಂದರೆ 16 ಬ್ಲಾಕ್) ಇಟ್ಟರೆ ಕಾಣುವುದು 192 ಬ್ಲಾಕ್ ಅಷ್ಟೇ, ಆಮೇಲೆ ಖಾಲಿ. ಈ ಮಾಡ್ ಅದರಾಚೆಯದನ್ನು ಒರಟಾಗಿ ಬಿಡಿಸುತ್ತದೆ. ಕಾಂಪ್ಲಿಮೆಂಟರಿ, ಬ್ಲಿಸ್, ಫೋಟಾನ್ ಎಲ್ಲಾ ಅದಕ್ಕೆ ಹೊಂದುತ್ತವೆ. ಹಿಂದೆ ಹಿಂದೆ ಹೋದಂತೆ ಬೆಟ್ಟ ನೀಲಿಯಾಗುತ್ತಾ ಹೋಗುತ್ತದೆ, ರಾಜಾ ಸೀಟ್‌ನಿಂದ ನೋಡಿದ ಹಾಗೆ. ತಡಿಯಂಡಮೋಳ್ ಅಳತೆಗೆ ಸರಿಯಾಗಿ ಕಟ್ಟುತ್ತೇನೆ ಅಂತ ಮಾತ್ರ ಹೊರಡಬೇಡ. ಅದು 1,748 ಮೀಟರ್, ಒಂದು ಬ್ಲಾಕ್ ಒಂದು ಮೀಟರ್, ಆಟದ ಎತ್ತರ 320ಕ್ಕೆ ಮುಗಿಯುತ್ತದೆ.

ಹಾರಂಗಿ ಹಿನ್ನೀರು, ಸೋಮವಾರಪೇಟೆ

ಒಳ್ಳೆಯ ಸಲಹೆ, ಆದರೆ 8 ಜಿಬಿ ರ್‍ಯಾಮ್‌ನಲ್ಲಿ ಹುಷಾರು. ಮೊದಲು ಕಡಿಮೆ ದೂರ ಇಟ್ಟು ನೋಡಲಿ.

ಮಳೆಗಾಲದವರಿಗೆ ಇನ್ನೊಂದು ಮಾತು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಗೆ ಬೀಳುತ್ತದೆ, ಆಗ ಗ್ರಾಫಿಕ್ಸ್ ಕಾರ್ಡ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಶೇಡರ್ ಕೆಟ್ಟಿತು ಅಂತ ಸೆಟ್ಟಿಂಗ್ಸ್ ಎಲ್ಲಾ ಕೆದಕಬೇಡಿ, ಕರೆಂಟ್ ಬಂದ ಮೇಲೆ ನೋಡಿ. ಇನ್ವರ್ಟರ್‌ನಲ್ಲಿ ಆಡುವವರು ಫ್ರೇಮ್ ಮಿತಿಯನ್ನು 30 ಅಥವಾ 40ಕ್ಕೆ ಕಟ್ಟಿ. ಕಟ್ಟುವ ಆಟಕ್ಕೆ ಅಷ್ಟು ಸಾಕು, ಕಾರ್ಡ್ ಕಡಿಮೆ ಬಿಸಿಯಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ನೆಟ್ ಇರುವಾಗಲೇ ಎರಡು ಮೂರು ಪ್ಯಾಕ್ ಇಳಿಸಿಟ್ಟುಕೊಳ್ಳಿ. ಟವರ್ ಬಿದ್ದ ವಾರದಲ್ಲಿ ಇದೇ ಒಳ್ಳೆಯ ಕಾಲಕ್ಷೇಪ.

ಪಾಪುಟ್ಟು, ನಾಪೋಕ್ಲು

ಟೆಕ್ಸ್ಚರ್ ಪ್ಯಾಕ್ (ಬ್ಲಾಕ್‌ಗಳ ಮೇಲ್ಮೈ ಚಿತ್ರ) ಕೂಡ ಬದಲಾಯಿಸಬೇಕಾ? ಹೆಂಚಿಗೆ ಒರಟುತನ ಬರಲಿ ಅಂತ. ಮತ್ತೆ ಬೆಂಗಳೂರಿನಲ್ಲಿರುವ ನನ್ನ ಕಸಿನ್ ಇದೇ ವರ್ಲ್ಡ್‌ಗೆ ಬರುತ್ತಾನೆ, ಅವನ ಲ್ಯಾಪ್‌ಟಾಪ್ ಹಳೆಯದು. ಅವನಿಗೆ ತೊಂದರೆ ಆಗುತ್ತದಾ?

ಮಾಂದಲಪಟ್ಟಿ ಜೀಪು, ಮಡಿಕೇರಿ

ಕಸಿನ್‌ಗೆ ಏನೂ ಆಗುವುದಿಲ್ಲ. ಶೇಡರ್ ಅವರವರ ಕಂಪ್ಯೂಟರಿನದು. ನೀನು ಮಂಜು ನೋಡುತ್ತಿರುವಾಗ ಅವನು ಮಾಮೂಲಿ ಆಟ ನೋಡುತ್ತಿರುತ್ತಾನೆ. ಅವನಿಗೂ ಆಸೆ ಇದ್ದರೆ ಮೇಕಪ್ ಅಲ್ಟ್ರಾ ಫಾಸ್ಟ್ ಹಾಕಿಕೊಳ್ಳಲಿ, ಇಲ್ಲ ಕಾಂಪ್ಲಿಮೆಂಟರಿಯಲ್ಲೇ ಪೊಟೇಟೊ ಅಂತ ಒಂದು ಪ್ರೊಫೈಲ್ ಇದೆ. ಹೆಸರು ನೋಡಿ ನಗಬೇಡ, ನೋಡಲು ಪರವಾಗಿಲ್ಲ.

ಟೆಕ್ಸ್ಚರ್‌ಗೆ ಲ್ಯಾಬ್‌ಪಿಬಿಆರ್ ಅಂತ ಬರೆದಿರುವುದನ್ನು ಹುಡುಕು. ಅದರಲ್ಲಿ ಬಣ್ಣದ ಚಿತ್ರದ ಜೊತೆ ಉಬ್ಬುತಗ್ಗು ಮತ್ತು ಹೊಳಪಿನ ಚಿತ್ರವೂ ಇರುತ್ತದೆ. ಶೇಡರ್ ಅದನ್ನು ಓದಿ ಒದ್ದೆ ಹೆಂಚನ್ನು ಒಂದು ಥರ, ಮರದ ಕಂಬವನ್ನು ಇನ್ನೊಂದು ಥರ ಹೊಳೆಯಿಸುತ್ತದೆ. ಆದರೆ 16 ಅಥವಾ 32 ಪಿಕ್ಸೆಲ್‌ನದ್ದೇ ತಗೋ. 512ರದ್ದು ನಿನ್ನ 4 ಜಿಬಿಯನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತದೆ, ಇಳಿಸಲೂ ರಾತ್ರಿಯೆಲ್ಲಾ ಬೇಕು.

ಮತ್ತೆ, ಎರಡು ಸೆಟ್ಟಿಂಗ್ ಹೋಲಿಸುವಾಗ ಒಂದೇ ಜಾಗದಲ್ಲಿ ನಿಂತು ಹೋಲಿಸು. ಐರಿಸ್‌ನಲ್ಲಿ ಕೆ ಒತ್ತಿದರೆ ಶೇಡರ್ ಆಫ್, ಇನ್ನೊಮ್ಮೆ ಒತ್ತಿದರೆ ಆನ್. ಓ ಒತ್ತಿದರೆ ಶೇಡರ್ ಪಟ್ಟಿ ಬರುತ್ತದೆ. ನಡೆದಾಡುತ್ತಾ ಹೋಲಿಸಿದರೆ ಕಣ್ಣು ಮೋಸ ಹೋಗುತ್ತದೆ.

ಪಾಪುಟ್ಟು, ನಾಪೋಕ್ಲು

ನಿನ್ನೆ ರಾತ್ರಿ ಎಲ್ಲಾ ಮಾಡಿದೆ. ಸದ್ಯಕ್ಕೆ ಹೀಗಿದೆ: ಕಟ್ಟುವಾಗ ಕಾಂಪ್ಲಿಮೆಂಟರಿ ಅನ್‌ಬೌಂಡ್, ಮೀಡಿಯಂ ಪ್ರೊಫೈಲ್. ಪಡಲ್ಸ್ ಆನ್, ಬ್ಲೂಮ್ ಕಡಿಮೆ, ಸೂರ್ಯನ ಕೋನ 10, ಫ್ರೇಮ್ ಮಿತಿ 40. ಫೋಟೋ ತೆಗೆಯುವಾಗ ಮಾತ್ರ ಫೋಟಾನ್. ತೋಟ ಡಾರ್ಕ್ ಫಾರೆಸ್ಟ್ ಆಯ್ತು. ದೀಪಕ್ಕೆ ಎರಡು ಕ್ಯಾಂಡಲ್. ಕರಿಮೆಣಸಣ್ಣ ಹೇಳಿದ್ದು ಸರಿ, ಈಗ ಬಾಗಿಲಿಂದ ಬರುವ ಬೆಳಕು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಒಂದೇ ಸಮಸ್ಯೆ. ಮೂಲೆಯಲ್ಲಿ ಬಿಸಿಲು ಸೋರುವುದು ಇನ್ನೂ ನಿಂತಿಲ್ಲ. ನೆರಳಿನ ರೆಸಲ್ಯೂಷನ್ 2048ಕ್ಕೆ ಏರಿಸಿದರೂ ಪಡಸಾಲೆಯ ಎಡ ಮೂಲೆಯಲ್ಲಿ ಸಣ್ಣ ಗೆರೆ.

ಕರಿಮೆಣಸು, ಸಿದ್ದಾಪುರ

ನೆರಳಿನ ದೂರ ಕಡಿಮೆ ಮಾಡು. ಅದೇ 2048 ಚಿಕ್ಕ ಜಾಗಕ್ಕೆ ಹಂಚಿಕೆಯಾಗಿ ನೆರಳು ಚೂಪಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಮೂಲೆಯ ಗೋಡೆಯನ್ನು ಎರಡು ಬ್ಲಾಕ್ ದಪ್ಪ ಮಾಡು. ಹಳೇ ಮನೆಗಳ ಮಣ್ಣಿನ ಗೋಡೆ ಹೇಗೂ ದಪ್ಪವೇ ತಾನೆ.

ಪಾಪುಟ್ಟು, ನಾಪೋಕ್ಲು

ಗೋಡೆ ದಪ್ಪ ಮಾಡಿದೆ, ನಿಂತಿತು. ಓಣಿ ಮುಗಿಸಿ ಫೋಟೋ ಹಾಕುತ್ತೇನೆ.

ಕುಶಾಲನಗರ ಬಿಸಿಲು

ಒಂದು ಫೋಟೋ ಬಿಸಿಲಿನಲ್ಲೂ ತೆಗಿ ಮಾರಾಯ.